ಪಡಸಾಲೆಯ ಸಾವ್ಕಾರ ಮೀನು

ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ ಇದೆ. ಮಾವ ತೀರಿಕೊಂಡ ಮೇಲೂ ಅತ್ತೆ ಅದನ್ನು ಹೊರಗೆ ಹಾಕಲು ಬಿಟ್ಟಿಲ್ಲ. ಈಗ ಅದರೊಳಗೆ ಹಪ್ಪಳ, ಸಂಡಿಗೆ ತುಂಬಿಟ್ಟಿದ್ದಾರೆ. ಸಂಡಿಗೆ ತೆಗೆಯಲು ಕೈ ಹಾಕಿದಾಗಲೆಲ್ಲ ಒಳಗಿನಿಂದ ಯಾರೋ ದುರುಗುಟ್ಟಿ ನೋಡಿದಂತೆ ನನಗೆ ಅನಿಸುತ್ತದೆ. ಕೆಲವು ವರ್ಷ ಅಲ್ಲೊಂದು ಮೀನು ಇತ್ತು. ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.

ನಾನು ಹಾವೇರಿಯಿಂದ ಈ ಮನೆಗೆ ಸೊಸೆಯಾಗಿ ಬಂದ ಹೊಸತು. ಮಾವನವರದು ಮೆಣಸಿನಕಾಯಿ ದಲಾಲಿ ಅಂಗಡಿ. ರಾಣೆಬೆನ್ನೂರಿಗೆ ಯಾರದೋ ಲಗ್ನಕ್ಕೆ ಹೋದವರು ಬರುವಾಗ ಪ್ಲಾಸ್ಟಿಕ್ ಚೀಲದಲ್ಲಿ ಬೆರಳುದ್ದದ ಮೀನು ಹಿಡಿದುಕೊಂಡು ಬಂದರು. ಕಪ್ಪು ಮೈ, ಮೇಲೆ ಕೆಂಡದ ಬಣ್ಣದ ಮಚ್ಚೆ. ಆಸ್ಕರ್ ಎಂದು ಅದರ ಹೆಸರಂತೆ. ದೊಡ್ಡದಾಗುತ್ತದೆ ಎಂದು ಅಲ್ಲಿನ ಮೀನಿನ ಅಂಗಡಿಯವನು ಹೇಳಿದ್ದನಂತೆ. ಎಷ್ಟು ದೊಡ್ಡದು ಎಂದು ಇವರು ಕೇಳಿರಲಿಲ್ಲ. ಮಾವ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟರು.

ನಮ್ಮದು ಮೂವರು ಅಣ್ಣತಮ್ಮಂದಿರ ತುಂಬಿದ ಸಂಸಾರ. ಇಲ್ಲಿ ಯಾರಾದರೂ ಒಬ್ಬರೇ ಕೂತಿದ್ದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಾರೆ. ಮೀನಿನ ವಿಷಯದಲ್ಲೂ ಹಾಗೇ ಆಯಿತು.

"ಒಂದ ಮೀನು ಹ್ಯಾಂಗ ಇರತೈತಿ? ಬ್ಯಾಸರ ಆಗಂಗಿಲ್ಲೇನು ಅದಕ್ಕ?" ಎಂದು ಮಾವ ಒಂದು ಹಿಂಡು ಬಂಗಾರಬಣ್ಣದ ಪುಟ್ಟ ಮೀನುಗಳನ್ನು ತಂದು ಜೊತೆಗೆ ಬಿಟ್ಟರು.

ಅವು ಒಂದೊಂದಾಗಿ ಕಾಣೆಯಾದವು. ಅತ್ತೆ ಪಕ್ಕದ ಮನೆಯ ಬೆಕ್ಕಿಗೆ ಬೈದರು. ನಾನು ಪೆಟ್ಟಿಗೆಯ ತಳದ ಕಲ್ಲು ಎತ್ತಿ ಹುಡುಕಿದೆ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ನೋಡಿದರೆ ಸಾವ್ಕಾರನ ಬಾಯಿಂದ ಬಂಗಾರಬಣ್ಣದ ಬಾಲ ಹೊರಗಿಣುಕುತ್ತಿತ್ತು. ತತ್ತಿಯನ್ನೂ ಒಳಗೆ ತರದ ಮನೆ ನಮ್ಮದು.

"ಲಿಂಗಪೂಜೆ ಮಾಡೋ ಮನ್ಯಾಗ ಇದೇನ್ರಿ ಇದು?" ಎಂದು ಅತ್ತೆ ಮಾವನ ಮೇಲೆ ಹರಿಹಾಯ್ದರು. ಅಂದಿನಿಂದ ಪೂಜೆಯ ಹೊತ್ತಿಗೆ ಪೆಟ್ಟಿಗೆಯ ಮೇಲೆ ಟವೆಲ್ ಬಿತ್ತು.

ಮಾವ ಮೀನನ್ನು ಶಾಕಾಹಾರಿ ಮಾಡಲು ಹೊರಟರು. ಚುರುಮುರಿ ಹಾಕಿದರು, ಚಪಾತಿ ಹಿಸುಕಿ ಉಂಡೆ ಮಾಡಿ ಹಾಕಿದರು. ಸಾವ್ಕಾರ ಎಲ್ಲವನ್ನೂ ಬಾಯಿಗೆ ಹಾಕಿಕೊಂಡು ಉಗುಳಿತು. ಕೊನೆಗೆ ಮೀನಿನ ಅಂಗಡಿಯಿಂದ ಕಾಳಿನಂಥ ಆಹಾರದ ಡಬ್ಬಿ ಬಂತು. ಅದನ್ನು ಏತರಿಂದ ಮಾಡಿರುತ್ತಾರೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಸಂಜೆ ಅಂಗಡಿಯಿಂದ ಬಂದ ಮಾವ ಮೊದಲು ಕೈಗೆ ಎಣ್ಣೆ ಸವರಿ, ಕಡಲೆಹಿಟ್ಟು ಹಚ್ಚಿ ಉಜ್ಜಿ ತೊಳೆಯುತ್ತಿದ್ದರು. ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಈ ಊರಲ್ಲಿ ಯಾರೂ ಕೂಸನ್ನು ಎತ್ತುವುದಿಲ್ಲ. ಮಾವ ಮೀನಿಗೂ ಅದೇ ನೇಮ ಇಟ್ಟುಕೊಂಡಿದ್ದರು. ಮೆಣಸಿನಕಾಯಿ ಘಾಟಿಗೆ ಬರುವ ಅವರ ಸೀನು ಬಾಗಿಲಲ್ಲಿ ಕೇಳಿದರೆ ಸಾಕು, ಸಾವ್ಕಾರ ಗಾಜಿಗೆ ಮೂತಿ ಒತ್ತಿ ಕುಣಿಯುತ್ತಿತ್ತು. ಆ ಹೊತ್ತಿನ ಮಾವನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಜೊತೆಯ ಹುಚ್ಚು ಮಾತ್ರ ಬಿಡಲಿಲ್ಲ. ನುಂಗಲಾಗದಷ್ಟು ದೊಡ್ಡ ಜೊತೆ ಬೇಕೆಂದು ಅದೇ ಜಾತಿಯ ಇನ್ನೊಂದನ್ನು ತಂದರು. ಎರಡಕ್ಕೂ ಜಗಳ ಹತ್ತಿತು. ಹೊಸದರ ರೆಕ್ಕೆ ಚಿಂದಿಯಾಯಿತು, ಸಾವ್ಕಾರನ ಹಣೆಗೆ ಗಾಯವಾಯಿತು. ಹೊಸದು ಒಂದು ಮುಂಜಾನೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿತ್ತು. ಅಂದು ಮಾವ ಅಂಗಡಿಗೆ ಹೋಗಲಿಲ್ಲ.

ನನಗೆ ಬಾಯಿ ಜಾಸ್ತಿ ಎಂದು ಅತ್ತೆ ಹೇಳುವುದು ಸುಳ್ಳಲ್ಲ. "ಇದು ಹಿಂಸಾ ಐತ್ರಿ ಮಾವಾರ. ಕೊಟ್ಟುಬಿಡ್ರಿ" ಎಂದೆ.

ಮಾವನಿಗೆ ಸಿಟ್ಟು ಬಂತು. "ನಾ ಬಂದ್ರ ಓಡಿ ಬರತೈತಿ. ಸುಖ ಇರದಿದ್ರ ಬರತಿತ್ತೇನವಾ?"

"ಬರದ ಮತ್ತ ಎಲ್ಲಿಗೆ ಹೋಗಬೇಕ್ರಿ ಅದು?"

ಅವರು ನನ್ನೊಂದಿಗೆ ಎರಡು ದಿನ ಮಾತು ಬಿಟ್ಟರು.

ಅಮಾವಾಸ್ಯೆಗೆ ಅಂಗಡಿಯ ಪೂಜೆ. ಪೂಜೆ ಮುಗಿಸಿ ಮನೆಗೆ ಬಂದು ಗಾಜಿಗೆ ಗೇಣು ಹಚ್ಚಿ ಮೀನು ಎಷ್ಟು ಬೆಳೆದಿದೆ ಎಂದು ಅಳೆಯುವುದು ಮಾವನ ವಾಡಿಕೆ. ಆ ಅಮಾವಾಸ್ಯೆಗೆ ಒಂದು ಗೇಣಿನ ಮೇಲೆ ನಾಲ್ಕು ಬೆರಳು ಬಂತು. ಬೆಳೆದ ಮಗನ ಬಗ್ಗೆ ಹೇಳುವಂತೆ ಮನೆಮಂದಿಗೆಲ್ಲ ಹೇಳಿದರು.

"ಮೀನು ಅಳದ್ರಿ. ಇನ್ನ ಪೆಟ್ಟಿಗಿ ಅಗಲ ಅಳೀರಿ," ಎಂದೆ.

ಸೊಸೆಯ ಉದ್ಧಟತನಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ. ಮಾವ ಪಕ್ಕದ ಗಾಜಿಗೆ ಕೈ ಹಚ್ಚಿದರು. ಒಂದೇ ಗೇಣು, ಬೆರಳಿಡಲೂ ಜಾಗ ಉಳಿಯಲಿಲ್ಲ. ಕೈ ತೆಗೆಯದೆ ನಿಂತರು. ಒಳಗೆ ಸಾವ್ಕಾರ ಮೈ ಬಾಗಿಸಿ, ಬಾಲ ಗಾಜಿಗೆ ಉಜ್ಜಿಕೊಂಡು ತಿರುಗಿತು. ದಿನಾ ಮೀನನ್ನು ನೋಡುತ್ತಿದ್ದ ಮಾವ, ತಿರುಗಲು ಅದು ಪಡುವ ಪಾಡನ್ನು ಅಂದೇ ಮೊದಲು ಕಂಡರು.

"ನಾಳೆ ರಾಣೆಬೆನ್ನೂರಿಗೆ ಹೋಗೂಣು," ಎಂದರು.

ಮೀನಿನ ಅಂಗಡಿಯವನ ಮನೆಯ ಹಿತ್ತಲಲ್ಲಿ ದೊಡ್ಡ ಸಿಮೆಂಟ್ ಹೊಂಡ ಇತ್ತು. ಅತ್ತೆಯೇ ನೀರು ಕಾಯಿಸುವ ಹಳೆಯ ಕೊಳಗ ಕೊಟ್ಟು, ಅದರ ಬಾಯಿಗೆ ಹಸಿ ಬಟ್ಟೆ ಕಟ್ಟಿದರು. ಕಾರಿನಲ್ಲಿ ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡರು. ಮೋಟೆಬೆನ್ನೂರಿನಲ್ಲಿ ಹೈವೇ ಹತ್ತುವ ಹೊತ್ತಿಗೆ ಅವರ ಧೋತರ ಪೂರ್ತಿ ತೊಯ್ದಿತ್ತು.

ಹೊಂಡಕ್ಕೆ ಬಿಟ್ಟಾಗ ಸಾವ್ಕಾರ ಒಂದು ಗಳಿಗೆ ಅಲ್ಲಾಡದೆ ನಿಂತಿತು. ಆಮೇಲೆ ನೇರ ಹೋಯಿತು. ಎಲ್ಲೂ ಬಾಗದೆ ಅಷ್ಟು ದೂರ ಅದು ಈಜಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಿಂಗಳು ಕಳೆದ ಮೇಲೆ ಮಾವ ನನ್ನನ್ನೇ ಜೊತೆಗೆ ಕರೆದುಕೊಂಡು ಅದನ್ನು ನೋಡಲು ಹೋದರು. ಹೊಂಡದ ಕಟ್ಟೆಯ ಮೇಲೆ ಕೂತು, ತೊಳೆದ ಕೈಯಲ್ಲಿ ಕಾಳು ಹಿಡಿದು, "ಸಾವ್ಕಾರ್ರ, ಬರ್ರಿ" ಎಂದು ಕರೆದರು. ಆಚೆ ತುದಿಯ ಜೊಂಡಿನ ನೆರಳಲ್ಲಿ ಅದು ಕಾಣುತ್ತಿತ್ತು. ಹಣೆಯ ಗಾಯ ಮಾಯ್ದಿತ್ತು. ಮತ್ತೆ ಕರೆದರು. ಅದು ನಿಧಾನವಾಗಿ ತಿರುಗಿ ಇನ್ನೂ ಆಳಕ್ಕೆ ಹೋಯಿತು.

ಮಾವ ಕಾಳನ್ನೆಲ್ಲ ನೀರಿಗೆ ಚೆಲ್ಲಿ, ಕೈ ಒರೆಸಿಕೊಂಡು ಎದ್ದರು.

"ನೀ ಅಂದಿದ್ದು ಖರೇ ಐತವಾ. ಹೋಗಾಕ ಜಾಗಾ ಇರಲಿಲ್ಲ, ಅದಕ್ಕ ಬರತಿತ್ತು," ಎಂದರು. "ಆದ್ರೂ ಒಮ್ಮೆ ಬಂದಿದ್ರ ಛಲೋ ಇತ್ತು."