ಪೆನ್ಸಿಲ್ಲಿನಲ್ಲಿ ಮೂಡದ ಅಂಕಿ

ಆ ಗುರುವಾರವೂ ಎಂದಿನಂತೆ ಐದೂವರೆಗೆ ಎದ್ದೆ. ಬಾಗಿಲಿಗೆ ನೀರು ಹಾಕಿ, ನಾಲ್ಕೆಳೆ ರಂಗೋಲಿ ಬಿಟ್ಟು, ಕಾಂಪೌಂಡಿನೊಳಗೆ ಬಿದ್ದಿದ್ದ ನಿಂಬೆಹಣ್ಣುಗಳನ್ನು ಸೆರಗಿಗೆ ಆಯ್ದುಕೊಂಡೆ. ಮರ ಪಕ್ಕದ ಮನೆಯ ದೊಡ್ಡಮ್ಮನದು. ಎರಡು ಕೊಂಬೆ ನಮ್ಮ ಕಡೆಗೆ ಚಾಚಿವೆ. ಈಚೆ ಬಿದ್ದದ್ದೆಲ್ಲ ನಿಮ್ಮದೇ ಎಂದು ಆಕೆ ಹೇಳಿ ವರ್ಷಗಳಾದವು. ಆವತ್ತು ಮೂರು ಸಿಕ್ಕವು.

ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಹಿಂದಿನ ದಿನ ಅರ್ಧಕ್ಕೆ ನಿಂತಿದ್ದ ಕಂತು ಹಾಕಿದೆ. ಬಾಹ್ಯಾಕಾಶದ ಧಾರಾವಾಹಿ. ಈ ಹುಚ್ಚು ನನಗೆ ಮೈಸೂರಿನ ಕಾನ್ವೆಂಟಿನಿಂದ ಹತ್ತಿದ್ದು. ಭಾನುವಾರ ಬೆಳಗ್ಗೆ ಹಾಸ್ಟೆಲಿನ ಹುಡುಗಿಯರಿಗೆ ಒಂದು ಗಂಟೆ ಟಿ.ವಿ. ನೋಡಲು ಸಿಸ್ಟರ್ ಬಿಡುತ್ತಿದ್ದರು, ಇಂಗ್ಲಿಷ್ ಸುಧಾರಿಸುತ್ತದೆ ಎಂಬ ನೆಪದಲ್ಲಿ. ಅದು ಮುಗಿಯುವ ಹೊತ್ತಿಗೆ ಅಪ್ಪ ಕೆ.ಆರ್.ಪೇಟೆಯಿಂದ ತಿಳಿನೀಲಿ ಕಾರಿನಲ್ಲಿ ಚಕ್ಕುಲಿ ಡಬ್ಬಿ ಹಿಡಿದು ಬರುತ್ತಿದ್ದರು. ಹಾಗಾಗಿ ನಕ್ಷತ್ರಗಳ ನಡುವೆ ಓಡುವ ನೌಕೆ, ಗೇಟಿನ ಬಳಿ ನಿಂತು ಬಿಸಿ ಉಸಿರು ಬಿಡುವ ಕಾರು, ಎರಡೂ ನನಗೆ ಒಂದೇ ದಿನದ ಸಂಗತಿಗಳು.

ಈಗಿನ ಧಾರಾವಾಹಿಗಳ ನೌಕೆಗಳು ಗಾಜಿನ ಲೋಟದ ಹಾಗೆ ಹೊಳೆಯುತ್ತವೆ. ಒಂದು ಗೀರಿಲ್ಲ, ಎಣ್ಣೆಯ ಕಲೆಯಿಲ್ಲ. ಅಂಥವನ್ನು ಎರಡು ಕಂತಿಗೆ ಬಿಟ್ಟುಬಿಡುತ್ತೇನೆ. ಮುಂದಿನ ಕಾಲದ ನೌಕೆಗೂ ತುಕ್ಕು ಹಿಡಿಯುತ್ತದೆ, ಅದನ್ನೂ ಯಾರೋ ಚಿಂದಿ ಬಟ್ಟೆಯಲ್ಲಿ ಒರೆಸಬೇಕಾಗುತ್ತದೆ ಎಂದು ಬಲ್ಲ ಕಥೆಗಾರರನ್ನು ಮಾತ್ರ ನಾನು ನಂಬುವುದು. ಆವತ್ತಿನ ಕಂತಿನಲ್ಲಿ ಅಂಥದೊಂದು ಹಳೆಯ ನೌಕೆಯನ್ನು ಯಾವುದೋ ಗ್ರಹದ ಬಂದರಿನಲ್ಲಿ ತಡೆದು ನಿಲ್ಲಿಸಿದ್ದರು. ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತಿತು. ಕಿಟಕಿಯಾಚೆ ಕರಿಘಟ್ಟದ ಮೇಲೆ ಬಿಸಿಲು ಇಳಿಯುತ್ತಿತ್ತು. ಮೊಬೈಲನ್ನು ಮಗುಚಿಟ್ಟೆ.

ಏಕೆಂದರೆ ಆವತ್ತು ನನ್ನ ಕಾರಿಗೂ ಅದೇ ಗತಿ ಕಾದಿತ್ತು. ಅಪ್ಪ ತೀರಿಕೊಳ್ಳುವ ಮೊದಲು ಆ ತಿಳಿನೀಲಿ ಕಾರನ್ನೇ ನನ್ನ ಹೆಸರಿಗೆ ಮಾಡಿಸಿದ್ದರು. ವಿಳಾಸ ಮಾತ್ರ ತವರಿನದೇ, ಆದ್ದರಿಂದ ನೋಂದಣಿ ಮುಂದುವರಿಸಲು ನಾಗಮಂಗಲದ ಸಾರಿಗೆ ಕಚೇರಿಗೆ ಹೋಗಬೇಕು. ಶನಿವಾರಕ್ಕೆ ಅವಧಿ ಮುಗಿಯುತ್ತಿತ್ತು. ಯಜಮಾನರು ತಟ್ಟೆಯಿಂದ ತಲೆಯೆತ್ತದೆ ಹೇಳಿದರು, "ನೋಡು, ಮಾತು ಮಾತೇ. ಇವತ್ತು ಪಾಸಾದ್ರೆ ಇಟ್ಕೊ. ಆಗ್ಲಿಲ್ಲ ಅಂದ್ರೆ ಭಾನುವಾರ ಗುಜರಿಯವ್ನು ಬತ್ತಾನೆ. ಶೆಡ್ಡಾದ್ರೂ ಖಾಲಿ ಆಯ್ತದೆ."

"ಪಾಸಾಗುತ್ತೆ ರೀ."

"ಆಗ್ಲಿ. ನಾನೇನು ಬ್ಯಾಡ ಅಂದ್ನಾ?"

ಅವರ ಮೇಲೆ ನನಗೆ ಕೋಪವಿರಲಿಲ್ಲ. ಅವರ ಸ್ಕೂಟರು ಐದು ವರ್ಷದಿಂದ ಬಿಸಿಲಲ್ಲೇ ನಿಂತಿದೆ. ಆದರೆ ಈ ಮನೆಯಲ್ಲಿ ನನ್ನ ಹೆಸರಿನಲ್ಲಿರುವುದು ಗ್ಯಾಸಿನ ಪುಸ್ತಕ ಮತ್ತು ಆ ಕಾರು, ಎರಡೇ. ಯಾರನ್ನೂ ಕೇಳದೆ ಕೆ.ಆರ್.ಪೇಟೆಗೆ ಹೋಗಿ ಅಮ್ಮನ ಜೊತೆ ಊಟ ಮಾಡಿ ಸಂಜೆಗೆ ಹಿಂದಿರುಗುವುದು ಆ ಸ್ಟಿಯರಿಂಗ್ ಹಿಡಿದೇ. ಬೇರೆ ಗಾಡಿ ಕೊಡಿಸುತ್ತಾರೇನೋ, ಆದರೆ ಅದು ಅವರ ಗಾಡಿಯಾಗುತ್ತದೆ.

ಒಂಬತ್ತು ಗಂಟೆಗೆ ಪಾಂಡವಪುರದಲ್ಲಿದ್ದೆ. ಹೊಂಗೆಮರದ ಕೆಳಗೆ ಶೆಡ್ಡು ಹಾಕಿಕೊಂಡಿರುವ ಮೆಕ್ಯಾನಿಕ್ ಅಪ್ಪನ ಕಾಲದಿಂದ ಈ ಕಾರನ್ನು ಬಲ್ಲವರು. ಕಚೇರಿಗೆ ಪೆನ್ಸಿಲ್ ಪ್ರಿಂಟ್ ಒಯ್ಯಬೇಕಿತ್ತು. ಬಾನೆಟ್ಟಿನೊಳಗೆ, ಇಂಜಿನ್ನಿನ ಹಿಂದಿನ ಗೋಡೆಯಲ್ಲಿ ಚಾಸಿ ನಂಬರನ್ನು ಕೊರೆದಿರುತ್ತಾರೆ. ಅದರ ಮೇಲೆ ತೆಳುವಾದ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಬಿಳಿಯಾಗಿ ಮೂಡುತ್ತವೆ. ಎರಡು ನಿಮಿಷದ ಕೆಲಸ.

ಅವರು ಬಾನೆಟ್ ಎತ್ತಿ, ಬಗ್ಗಿ, ಹಾಗೇ ನಿಂತರು.

"ಏನಕ್ಕ ಇದು? ನಂಬರ್ ಎಲ್ಲೋಯ್ತು?"

"ಅಲ್ಲೇ ಇದೆ. ಅರಿಶಿನ ಕುಂಕುಮದ ಕೆಳಗೆ."

"ಇದು ಅರ್ಸಿನ ಕುಂಕ್ಮ ಅಲ್ಲ ಕಣಕ್ಕ, ಪ್ಲಾಸ್ಟರಿಂಗು. ನನ್ನಲ್ಲ, ಗಾರೆ ಮೇಸ್ತ್ರಿನ ಕರೀಬೇಕಿತ್ತು ನೀವು."

ಆಯುಧಪೂಜೆಯ ದಿನ ಎಲ್ಲರೂ ನಿಂಬೆಹಣ್ಣನ್ನು ಚಕ್ರದ ಕೆಳಗಿಡುತ್ತಾರೆ. ಗಾಡಿ ಮುಂದಕ್ಕೆ ಹೋದರೆ ಅದು ಅಪ್ಪಚ್ಚಿ. ಅಷ್ಟು ಬೇಗ ಮುಗಿದುಹೋಗುವ ಕಾವಲು ಎಂಥದು ಎಂದು ನನಗೆ ಅನ್ನಿಸುತ್ತಿತ್ತು. ನಂಬರಿನ ಕೆಳಗೆ ಬೆರಳಗಲದ ಒಂದು ಅಂಚಿದೆ. ನಂಬರೆಂದರೆ ಗಾಡಿಯ ಹಣೆ ಎಂದುಕೊಂಡು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಅರ್ಧ ನಿಂಬೆಹಣ್ಣನ್ನು, ಕುಯ್ದ ಮುಖ ಹಣೆಗೆ ತಾಗುವಂತೆ, ಆ ಅಂಚಿನ ಮೇಲೆ ಒತ್ತಿಡುತ್ತಿದ್ದೆ. ಅದು ಒಣಗಿ ತಾನಾಗಿ ಉದುರುವವರೆಗೂ ಮುಟ್ಟುತ್ತಿರಲಿಲ್ಲ. ಐದು ಆಯುಧಪೂಜೆ, ಐದು ನಿಂಬೆಹಣ್ಣು.

ಸೀಮೆಎಣ್ಣೆ, ಬ್ರಶ್ಶು, ಹಳೆಯ ಬನಿಯನ್ ತುಂಡು. ಕೆಂಪು ಹೋಯಿತು, ಹಳದಿ ಹೋಯಿತು, ಅಂಕಿಗಳು ಒಂದೊಂದಾಗಿ ಕಂಡವು. ಕೊನೆಯಿಂದ ಎರಡನೆಯದು ಕಾಣಲಿಲ್ಲ. ಅಲ್ಲಿ ಲೋಹ ಕಪ್ಪಗೆ, ಗೆದ್ದಲು ತಿಂದ ಹಾಗೆ ಕುಳಿಬಿದ್ದಿತ್ತು. ಕಾಗದವಿಟ್ಟು ಉಜ್ಜಿದರು. ಎಲ್ಲ ಅಂಕಿಗಳೂ ಮೂಡಿದವು, ಆ ಜಾಗದಲ್ಲಿ ಮಾತ್ರ ಬರಿಯ ಬೂದು ಬಣ್ಣ, ಮೇಲ್ಗಡೆ ಒಂದು ಸಣ್ಣ ಬಾಗು.

"ನಿಂಬೆಅಣ್ಣು ಇಟ್ಟಿದ್ರಾ ಇಲ್ಲಿ?"

"ಇಟ್ಟಿದ್ದೆ."

"ಎಲ್ಲಾರೂ ಪಾತ್ರೆ ತೊಳಿಯಾಕೆ ನಿಂಬೆಅಣ್ಣು ಆಕ್ತಾರೆ. ನೀವು ಸರ್ಕಾರದ್ ನಂಬರ್ರೇ ತೊಳ್ದ್ಬುಟ್ರಲ್ಲಕ್ಕ."

ನಗಬೇಕೆನ್ನಿಸಿತು. ಬದಲಿಗೆ ಆರ್.ಸಿ. ತೆಗೆದು ಆ ಅಂಕಿ ಯಾವುದೆಂದು ನೋಡಿದೆ.

ಅವರು ಬೆಂಚಿನ ಕೆಳಗಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಒಳಗೆ ಸೊನ್ನೆಯಿಂದ ಒಂಬತ್ತರವರೆಗೆ ಉಕ್ಕಿನ ಅಚ್ಚುಗಳು ಸಾಲಾಗಿ ಮಲಗಿದ್ದವು. "ಆರ್.ಸಿ.ಲಿ ಎಂಟು ಅಂತ ಐತಲ್ಲ? ಒಂದೇ ಏಟು. ಮ್ಯಾಲೆ ಒಸಿ ಗ್ರೀಸು, ಒಸಿ ಧೂಳು. ಯಾರ್ಗೂ ಗೊತ್ತಾಗಕ್ಕಿಲ್ಲ."

ಯಜಮಾನರಿಗೆ ಫೋನು ಮಾಡಿದೆ. "ಹೊಡೆಸ್ಬುಡು ಅತ್ಲಾಗೆ," ಎಂದರು. "ಇಲ್ದಿರೋ ನಂಬರ್ ಏನ್ ಹೊಡಿಯಲ್ವಲ್ಲ, ಇರೋದನ್ನೇ ತಾನೆ?"

ಅವರ ಮಾತು ಸರಿಯಾಗಿಯೇ ಇತ್ತು. ಅದೇ ಕಷ್ಟವಾಯಿತು. ಕಾನ್ವೆಂಟಿನಲ್ಲಿ ಉತ್ತರ ಸರಿಯಿದ್ದರೂ ಹಾಳೆಯ ಮೇಲೆ ಬೇರೆ ಕೈಬರಹ ಕಂಡರೆ ಸಿಸ್ಟರ್ ಪೂರ್ತಿ ಲೆಕ್ಕಕ್ಕೆ ಸೊನ್ನೆ ಹಾಕುತ್ತಿದ್ದರು. ನಾನು ಒಮ್ಮೆ ಆ ಸೊನ್ನೆ ತೆಗೆದುಕೊಂಡವಳು. ಮೆಕ್ಯಾನಿಕ್ ಆಗಲೇ ಎಂಟರ ಅಚ್ಚನ್ನು ಎರಡು ಬೆರಳಲ್ಲಿ ಹಿಡಿದಿದ್ದರು. ಅದರ ತುದಿ ಹೊಸದಾಗಿ ಹೊಳೆಯುತ್ತಿತ್ತು. ಆ ಹೊಳಪು ಗ್ರೀಸಿನಿಂದ ಮರೆಯಾಗುತ್ತದೆಂದು ನನಗೆ ನಂಬಿಕೆ ಬರಲಿಲ್ಲ. "ಬೇಡ," ಎಂದೆ. ಧೈರ್ಯದಿಂದ ಅಂದೆನೋ ಭಯದಿಂದ ಅಂದೆನೋ ಈಗಲೂ ಗೊತ್ತಿಲ್ಲ.

"ನಿಮ್ಮಿಷ್ಟ ಕಣಕ್ಕ. ಅವ್ರು ವಾಪಸ್ ಕಳಿಸಿದ್ರೆ ನನ್ನ ಬೈಕೋಬ್ಯಾಡಿ."

ಅಂಕಿಯಿಲ್ಲದ ಆ ಕಾಗದವನ್ನು ಪಕ್ಕದ ಸೀಟಿನಲ್ಲಿಟ್ಟು ಹೊರಟೆ. ಕಚೇರಿಯಲ್ಲಿ ಗಾಡಿ ನೋಡುವುದು ಒಂದು ಗಂಟೆಯವರೆಗೆ ಮಾತ್ರ. ಸಮಯವಿತ್ತು. ಆದರೆ ಜಕ್ಕನಹಳ್ಳಿ ದಾಟಿದ ಮೇಲೆ ಬಿಸಿಯ ಮುಳ್ಳು ಕೆಂಪಿನ ಕಡೆಗೆ ವಾಲತೊಡಗಿತು. ನನ್ನ ಕಾರಿನಲ್ಲಿ ಮೂರು ದುಂಡು ಗಾಜುಗಳು, ಮೂರು ಮುಳ್ಳುಗಳು. ಧಾರಾವಾಹಿಯ ನೌಕೆಯಲ್ಲಿ ಸಾವಿರ ದೀಪಗಳು ಮಿನುಗಿದರೂ ಕೊನೆಗೆ ಎಲ್ಲರೂ ನೋಡುವುದು ಒಂದೇ ಒಂದು ಮುಳ್ಳನ್ನು. ಅದು ಏರುತ್ತದೆ, ಯಾರೂ ಮಾತಾಡುವುದಿಲ್ಲ. ನಾನೂ ಮಾತಾಡಲಿಲ್ಲ, ಮಾತಾಡಲು ಯಾರೂ ಇರಲಿಲ್ಲ. ಬೇವಿನ ನೆರಳಿಗೆ ನಿಲ್ಲಿಸಿ, ತಣಿಯಲು ಬಿಟ್ಟು, ರೇಡಿಯೇಟರಿನ ಮುಚ್ಚಳವನ್ನು ಬಟ್ಟೆ ಸುತ್ತಿ ತಿರುಗಿಸಿ, ಕುಡಿಯುವ ನೀರನ್ನೇ ಸುರಿದೆ. ಅರ್ಧ ಗಂಟೆ ಹೋಯಿತು. ಎರಡು ಬಸ್ಸುಗಳು ಹಾರನ್ ಹೊಡೆದು ದಾಟಿದವು.

ನಾಗಮಂಗಲ ತಲುಪಿದಾಗ ಹನ್ನೆರಡು ಕಾಲು. ಸಾಲಿನಲ್ಲಿ ನನ್ನ ಮುಂದೆ ಸಂತೆಬಾಚಹಳ್ಳಿಯ ರೈತರೊಬ್ಬರ ಹಳೆಯ ಜೀಪು. ಅವರು ನನ್ನ ಕಾರನ್ನು ಒಂದು ಸುತ್ತು ಹಾಕಿ ನೋಡಿದರು.

"ಅಕ್ಕಾರೇ, ಇದ್ನ ಸಿನ್ಮಾದೋರ್ಗೆ ಬಾಡ್ಗೆ ಬುಡಿ. ಈರೋಯಿನ್ನು ಇಳ್ಯೋ ಸೀನಿಗೆ ಚೆಂದಾಗಿರ್ತದೆ."

"ನಿಮ್ಮ ಜೀಪು?"

"ಇದು ವಿಲನ್ನಿಂದು ಬುಡಿ. ಬಾಗ್ಲೇ ಇಲ್ಲ, ನೆಗ್ದು ಓಡೋಗಕ್ಕೆ ಸಲೀಸು."

ಜೀಪು ಹತ್ತು ನಿಮಿಷದಲ್ಲಿ ಪಾಸಾಗಿ ಹೋಯಿತು. ಇನ್ಸ್‌ಪೆಕ್ಟರ್ ನನ್ನ ಕಾಗದವನ್ನು ಬೆಳಕಿಗೆ ಹಿಡಿದರು. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದ, ನಿಧಾನದ ಮನುಷ್ಯ.

"ಈ ಅಂಕಿ ಎಲ್ಲಿ ಮೇಡಂ?"

"ನಿಂಬೆಹಣ್ಣು ತಿಂದುಬಿಟ್ಟಿದೆ ಸರ್."

ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ. ಟಾರ್ಚು ಹಾಕಿ ಬಗ್ಗಿ, ಹೆಬ್ಬೆರಳಿನಿಂದ ಆ ಕುಳಿಯನ್ನು ಸವರಿದರು.

"ಯಾರಾದ್ರೂ ಪಂಚ್ ಮಾಡೋಕೆ ನೋಡಿದಾರಾ? ಉಳಿ, ಅರ, ಏನಾದ್ರೂ?"

"ಸೀಮೆಎಣ್ಣೆ, ಬ್ರಶ್ಶು. ಅಷ್ಟೇ."

"ಇದನ್ನ ನಾನು ಏನಂತ ಬರೀಲಿ? ಅಂಕಿ ಇಲ್ದಿರೋ ಗಾಡಿ ಪಾಸ್ ಮಾಡೋಕಾಗಲ್ಲ. ಹಳೇ ಪೇಪರ್ ಏನಾದ್ರೂ ಇದಾವಾ?"

ಡಿಕ್ಕಿಯಲ್ಲಿ ಅಪ್ಪನ ರೆಕ್ಸಿನ್ ಚೀಲವಿತ್ತು. ಅಪ್ಪ ಯಾವ ಕಾಗದವನ್ನೂ ಎಸೆದವರಲ್ಲ. ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ತೆಗೆದೆ. ಟೈರಿನ ರಸೀದಿ, ಆಯಿಲ್ ಬದಲಿಸಿದ ಚೀಟಿ, ಮಡಿಕೆಯಲ್ಲಿ ಹರಿದ ರಸ್ತೆ ನಕ್ಷೆ, ನಾನು ಹಾಸ್ಟೆಲಿನಿಂದ ಬರೆದ ಒಂದು ಕಾರ್ಡು. ಹನ್ನೆರಡೂ ಐವತ್ತು. ಜವಾನ ಕಬ್ಬಿಣದ ಗೇಟನ್ನು ಅರ್ಧ ಎಳೆದ. ಗಾಳಿಗೆ ಒಂದು ಚೀಟಿ ಹಾರಿತು, ಅದನ್ನು ಕಾಲಿನಿಂದ ಒತ್ತಿ ಹಿಡಿದೆ. ಕೊನೆಯ ಅರೆಯಲ್ಲಿ, ಕ್ಲಿಪ್ಪು ತುಕ್ಕು ಹಿಡಿದು ಅಂಟಿಕೊಂಡಿದ್ದ ಕಟ್ಟಿನಲ್ಲಿ, ಐದು ವರ್ಷದ ಹಿಂದೆ ಅಪ್ಪನೇ ನವೀಕರಣ ಮಾಡಿಸಿದ್ದ ಅರ್ಜಿಯ ಪ್ರತಿ ಸಿಕ್ಕಿತು. ಅದಕ್ಕೆ ಅಂಟಿಸಿದ ಪೆನ್ಸಿಲ್ ಪ್ರಿಂಟ್, ಅಂಚಿನ ಮೇಲೆ ಇದೇ ಕಚೇರಿಯ ಮೊಹರು. ಎಲ್ಲ ಅಂಕಿಗಳೂ ಇದ್ದವು. ಕೆಳಗೆ ಅಪ್ಪ ತಮ್ಮ ಗುಂಡು ಅಕ್ಷರದಲ್ಲಿ ಬರೆದಿಟ್ಟಿದ್ದರು: ನಂಬರು ಸ್ಪಷ್ಟವಾಗಿದೆ.

ಆ ಸಾಲು ಓದಿ ನನಗೆ ತಲೆ ಎತ್ತಲಾಗಲಿಲ್ಲ.

ಇನ್ಸ್‌ಪೆಕ್ಟರ್ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರು. ನಂಬರಿನಲ್ಲಿದ್ದ ಏಳು ಎಂಬ ಅಂಕಿಯ ಕಾಲು ಎರಡರಲ್ಲೂ ಒಂದೇ ಕಡೆಗೆ ವಾಲಿತ್ತು. ನನ್ನ ಪ್ರಿಂಟಿನ ಆ ಸಣ್ಣ ಬಾಗು ಅಪ್ಪನ ಎಂಟರ ನೆತ್ತಿಯ ಮೇಲೆ ಸರಿಯಾಗಿ ಕೂಡುತ್ತಿತ್ತು, ಅಥವಾ ಹಾಗೆಂದು ನನಗನ್ನಿಸಿತು. ಅವರು ಎರಡನ್ನೂ ಹಿಡಿದು ಮೇಲಧಿಕಾರಿಯ ಕೋಣೆಗೆ ಹೋದರು.

ನಲವತ್ತು ನಿಮಿಷ. ಧಾರಾವಾಹಿಗಳಲ್ಲಿ ಈ ಹೊತ್ತನ್ನು ತೋರಿಸುವುದೇ ಇಲ್ಲ. ಬಂದರಿನಲ್ಲಿ ನೌಕೆ ತಡೆಯುತ್ತಾರೆ, ಮುಂದಿನ ದೃಶ್ಯದಲ್ಲಿ ಅದು ಹಾರುತ್ತಿರುತ್ತದೆ ಅಥವಾ ಉರಿಯುತ್ತಿರುತ್ತದೆ. ನಡುವೆ ಕಲ್ಲುಬೆಂಚಿನ ಮೇಲೆ ಕೂತು, ಬ್ಯಾಗಿನ ಜಿಪ್ಪನ್ನು ಹಾಕಿ ತೆಗೆದು, ಮುಚ್ಚಿದ ಬಾಗಿಲಿನ ಚಿಲಕವನ್ನೇ ನೋಡುವವರು ಯಾರೂ ಇಲ್ಲ. ಯಜಮಾನರ ಫೋನು ಎರಡು ಸಲ ಬಂತು. ತೆಗೆಯಲಿಲ್ಲ. ಬಿಸಿಲಲ್ಲಿ ಕಾರು ತೆರೆದ ಬಾನೆಟ್ಟಿನೊಂದಿಗೆ, ಬಾಯಿ ತೆರೆದು ಡಾಕ್ಟರನ್ನು ಕಾಯುವವರಂತೆ ನಿಂತಿತ್ತು.

ಬಾಗಿಲು ತೆರೆದು ಇನ್ಸ್‌ಪೆಕ್ಟರ್ ಹೊರಬಂದರು.

"ಪಾಸ್ ಮಾಡಿದೀವಿ. ಆ ಒಂದು ಅಂಕೀನ ಮತ್ತೆ ಪಂಚ್ ಮಾಡಿಸೋಕೆ ಆದೇಶ ಬರೆದಿದೀನಿ. ಮಾಡಿಸಿ, ತಂದು ತೋರಿಸಿ." ಕಾಗದ ನನ್ನ ಕೈಗಿಡುತ್ತ ಅಂದರು, "ಇಲ್ಲಿಗೆ ಬರೋಕೆ ಮೊದ್ಲೇ ಹೊಡೆಸಿದ್ರೆ ಗಾಡಿ ಸೀಜ್ ಆಗಿ ಇಲ್ಲೇ ಉಳೀತಿತ್ತು ಮೇಡಂ. ನಿಂಬೆಹಣ್ಣು ಇನ್ಮೇಲೆ ಚಕ್ರದ ಕೆಳಗೇ ಇಡಿ."

ವಾಪಸು ಪಾಂಡವಪುರದಲ್ಲಿ ನಿಲ್ಲಿಸಿ ಆದೇಶ ತೋರಿಸಿದೆ. ಮೆಕ್ಯಾನಿಕ್ ಅದನ್ನು ಎರಡು ಸಲ ಓದಿ, ಅದೇ ತಗಡಿನ ಡಬ್ಬಿ ತೆಗೆದರು. ಅದೇ ಅಚ್ಚು, ಒಂದೇ ಏಟು. ಎಂಟು ಬಿತ್ತು. ಹೊಸ ಹಲ್ಲು ಕಟ್ಟಿಸಿಕೊಂಡ ಹಾಗೆ ಅದೊಂದೇ ಬೆಳ್ಳಗೆ ಕಾಣುತ್ತಿತ್ತು. "ಗ್ರೀಸು ಬ್ಯಾಡ," ಎಂದರು ಅವರೇ. "ಚೆನ್ನಾಗ್ ಕಾಣ್ಲಿ."

ಸಂಜೆ ಯಜಮಾನರು ಬಾನೆಟ್ ಎತ್ತಿ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಫೋನಿನಲ್ಲಿ "ಭಾನುವಾರ ಬರ್ಬ್ಯಾಡಪ್ಪ" ಎನ್ನುವುದು ಕೇಳಿಸಿತು. ಆಮೇಲೆ ಸ್ಕೂಟರಿಗೆ ಹಳೆಯ ಬೆಡ್‌ಶೀಟು ಹೊದಿಸಿದರು.

ನಾನು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಾಂಪೌಂಡಿನ ಮೇಲೆ ದೊಡ್ಡಮ್ಮನ ತಲೆ ಕಂಡಿತು, ಆಮೇಲೆ ಕೈ. ಕೈಯಲ್ಲಿ ಒಂದು ನಿಂಬೆಹಣ್ಣು, ತೊಟ್ಟಿನ ಸಮೇತ.

"ಅಂತೂ ಪಾಸಾಯ್ತಂತಲ್ಲವ್ವ ನಿನ್ ಗಾಡಿ," ಎಂದರು. "ಎಷ್ಟ್ ಜನದ್ ಕಣ್ಣು ಬಿದ್ದೈತೋ ಇವತ್ತು. ಇಕಾ, ಇದ್ನ ಕುಯ್ದು ಗಾಡಿ ಒಳಗಿಟ್ಬುಡು, ಏನೂ ಆಗಕ್ಕಿಲ್ಲ."