ಕಡೀ ರೊಟ್ಟಿಗೆ ಸಿಗುವ ಕೊಲೆಗಾರ

ಇವತ್ತು ಗಿರಣಿಯಲ್ಲಿ ಜೋಳ ಬೀಸಿಸಿದೆ, ಹೆಸರುಕಾಳು ನೆನೆಹಾಕಿದೆ, ಅತ್ತೆಯ ತಲೆ ಬಾಚಿದೆ. ಮಧ್ಯಾಹ್ನ ಒಂದು ಪತ್ತೇದಾರಿ ಕಾದಂಬರಿ ಓದಿ ಮುಗಿಸಿ ಒಬ್ಬಳೇ ನಕ್ಕೆ.

ನರಗುಂದಕ್ಕೆ ಹೋಗುವ ತನಕ ನಮ್ಮ ಎದುರುಮನೆಯಲ್ಲಿದ್ದ ಅಕ್ಕ ಹೇಳಿದ್ದ ಕಥೆಯೇ ಅದು. ನಾದಿನಿಯ ಮದುವೆಗೆ ಓಣಿಯ ಹೆಂಗಸರೆಲ್ಲ ಕೂಡಿ ರೊಟ್ಟಿ ಬಡಿಯುತ್ತಿದ್ದೆವು. ಕಥೆಯಲ್ಲಿ ವಿಕ್ಟೋರಿಯಾ ರಾಣಿಯ ಕಾಲ, ಕಲ್ಲಿದ್ದಲ ಗಣಿಯ ಊರು. ಗಣಿಯ ಮೇಸ್ತ್ರಿ ತನ್ನ ಮನೆಯಲ್ಲೇ ಕೊಲೆಯಾಗಿದ್ದಾನೆ; ಆ ಹೊತ್ತಿಗೆ ಗಣಿಯಲ್ಲಿದ್ದೆ ಅನ್ನುತ್ತಾನೆ ಅವನ ಅಳಿಯ. ಕೊಂದವನು ಯಾರೆಂದು ಯಾರು ಕೇಳಿದರೂ ಅಕ್ಕ ಹಿಟ್ಟಿನ ಕೈ ಎತ್ತಿ, "ತಡೀರಿ, ಕೊಂದಾಂವ ಕಡೀ ರೊಟ್ಟಿಗೆ ಸಿಗತಾನ" ಅನ್ನುವರು. ಕಥೆ ಮುಗಿದರೆ ಎಲ್ಲರೂ ಎದ್ದುಹೋಗುತ್ತಿದ್ದರು. ಹಿಟ್ಟು ಇನ್ನೂ ಅರ್ಧ ಉಳಿದಿತ್ತು.

ಅಷ್ಟರಲ್ಲಿ ನಮ್ಮತ್ತೆ, "ಗಣಿಯಾಗ ಇದ್ದೆ ಅಂದ ಅಳಿಯನ ಉಗುರಾಗ ಮಸಿ ಇಲ್ಲಂದಿ. ರೊಟ್ಟಿ ಬಡದಾಕಿ ಕೈಗೆ ಹಿಟ್ಟ ಇರೂದಿಲ್ಲೇನು? ಅವನೇ ಕೊಂದಾನ!" ಎಂದುಬಿಟ್ಟರು.

ಕೆಲವರು ಸೆರಗು ಝಾಡಿಸಿ ಎದ್ದರು.

"ಕೂಡ್ರಿ, ಅಳಿಯ ಜಳಕ ಮಾಡಿ ಬಂದಿದ್ದನ್ರಿ!" ಎಂದರು ಅಕ್ಕ. ಆಮೇಲೆ ಒಬ್ಬ ಡಾಕ್ಟರ್ ಬಂದ, ಅವನ ಕುಂಟ ಕುದುರೆ ಬಂತು. ಕಡೀ ರೊಟ್ಟಿ ಹಂಚಿನಿಂದ ಇಳಿದಾಗ ಡಾಕ್ಟರ್ ಜೇಲಿಗೆ ಹೋದ.

ಪುಸ್ತಕದಲ್ಲಿ ಡಾಕ್ಟರೂ ಇಲ್ಲ, ಕುದುರೆಯೂ ಇಲ್ಲ. ಕೊಂದವನು ಅಳಿಯನೇ.

ಅತ್ತೆಗೆ ಹೇಳಿದೆ. "ನಾ ಅವತ್ತ ಹೇಳಲಿಲ್ಲೇನು! ಎದುರುಮನಿ ಹುಡುಗಿ ಭಾಳ ಚಲೋ ಸುಳ್ಳ ಹೇಳಿದ್ಲು" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ ಉಂಡೆವು. ಗೆದ್ದ ಅತ್ತೆಯೇ ಮೊದಲು ಮಲಗಿದರು.