ಅಪಾ ಗಂಟು ಹಾಕಿದ ಆರು ತಂತಿ

ನಮ್ಮ ಕಿರ್ಗಿಸ್ತಾನದ ತಲಾಸ್ ಕಡೆ ಸೊಸೆ ಅತ್ತೆಯ ಹೆಸರೆತ್ತುವಂತಿಲ್ಲ. ಬರೆಯುವಾಗ ಯಾರು ಕೇಳಿಸಿಕೊಳ್ಳುತ್ತಾರೆ, ನಿಜ. ಆದರೂ ಕೈ ಬರುವುದಿಲ್ಲ. ಇಲ್ಲಿಯೂ ಮನೆಯಲ್ಲಿ ಕರೆಯುವಂತೆ ಅಪಾ, ಅಂದರೆ ಅಮ್ಮ, ಎಂದೇ ಬರೆಯುತ್ತೇನೆ.

ಅಪಾ ಹತ್ತೊಂಬತ್ತನೇ ವಯಸ್ಸಿಗೆ ಸಾಮೂಹಿಕ ಬೇಸಾಯದ ರಿಪೇರಿ ಶೆಡ್ಡು ಸೇರಿ, ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿದವರು. ಆ ವ್ಯವಸ್ಥೆ ಮುಗಿದು, ಶೆಡ್ಡಿನ ಇಟ್ಟಿಗೆಯನ್ನೂ ಜನ ಹೊತ್ತುಕೊಂಡು ಹೋದ ಮೇಲೆ, ಕೆಲಸ ಮಾತ್ರ ಅವರ ಹಿಂದೆಯೇ ಮನೆಗೆ ಬಂತು. ಹುಲ್ಲು ಕತ್ತರಿಸುವ ಯಂತ್ರ, ಕೆನೆ ತೆಗೆಯುವ ಯಂತ್ರ, ಕಾಲುವೆಯ ಪಂಪು, ಊರಲ್ಲಿ ಏನು ತಿರುಗಿದರೂ ಅದರ ತಂತಿ ಒಮ್ಮೆ ಅವರ ಬೆರಳಿನಲ್ಲಿ ಹಾದು ಹೋಗಿರುತ್ತದೆ.

ಎರಡು ವರ್ಷದಿಂದ ಕಣ್ಣಿಗೆ ಪೊರೆ. ತಂತಿಯ ಬಣ್ಣ ಕಾಣುವುದಿಲ್ಲ. ಅದಕ್ಕೂ ಒಂದು ದಾರಿ ಮಾಡಿಕೊಂಡಿದ್ದಾರೆ.

ಹೋದ ವಾರ ಪಕ್ಕದ ಮನೆಯ ಓಮುರ್ಕುಲ್ ಹಸುಗಳಿಗೆ ಬಾರ್ಲಿ ನುಚ್ಚು ಮಾಡುವ ಯಂತ್ರಕ್ಕೆಂದು ಹಳೆಯ ತ್ರೀ ಫೇಸ್ ಮೋಟಾರು ತಂದ. ನಮ್ಮ ಮನೆಗಳಿಗೆ ಬರುವುದು ಸಿಂಗಲ್ ಫೇಸ್; ಕೆಪಾಸಿಟರ್ ಸೇರಿಸಿಯೇ ಓಡಿಸಬೇಕು. ಒಳಗಿನಿಂದ ಆರು ತಂತಿ ಹೊರಗೆ ಬಂದಿದ್ದವು, ಒಂದಕ್ಕೂ ಗುರುತಿನ ಚೀಟಿ ಉಳಿದಿರಲಿಲ್ಲ. ಅಪಾ ಬ್ಯಾಟರಿ, ಪುಟ್ಟ ಬಲ್ಬು ಹಿಡಿದು ಕೂತರು. ನನ್ನ ಮಗಳು ಬೆಗಾಯ್ ಅವರ ತೊಡೆಯ ಮೇಲೆ. ಬಲ್ಬು ಹತ್ತಿದರೆ ಹೇಳುವ ಕೆಲಸ ನನ್ನದು. ಒಂದೇ ಸುರುಳಿಯ ಜೋಡಿ ತುದಿ ಸಿಕ್ಕ ಹಾಗೆಲ್ಲ ಮೊದಲ ತುದಿಗೆ ಉಣ್ಣೆಯ ದಾರ, ಕೊನೆಯ ತುದಿಗೆ ಹತ್ತಿಯ ದಾರ ಕಟ್ಟಿದರು. ಮೊದಲ ಜೋಡಿಗೆ ಒಂದು ಗಂಟು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಆಮೇಲೆ ಕಣ್ಣು ಮುಚ್ಚಿಕೊಂಡೇ ತಂತಿಗಳನ್ನು ಮೋಟಾರಿನ ಮೇಲಿನ ಡಬ್ಬಿಯಲ್ಲಿ ಬಿಗಿದರು. ಸಂಜೆ ನಮ್ಮ ಅಂಗಳದಲ್ಲಿ ಮೋಟಾರು ಗುಂಯ್ ಎಂದು ತಿರುಗಿತು. ಓಮುರ್ಕುಲ್ ಹೊತ್ತುಕೊಂಡು ಹೋದ.

ಬೆಳಿಗ್ಗೆ ಅವನ ಮನೆಯಲ್ಲಿ ಸ್ವಿಚ್ ಹಾಕಿದೊಡನೆ ಫ್ಯೂಸ್ ಹಾರಿತು. ಹೊಸದು ಹಾಕಿದರೆ ಅದೂ ಹಾರಿತು.

"ಕುರುಡಿ ಕೈಲಿ ಮೋಟಾರು ಕೊಟ್ರೆ ಇನ್ನೇನಾಗತ್ತೆ?" ಎಂದ ಅವನ ಅಣ್ಣ ಆಶಿರಾಲಿ, ನಮ್ಮ ಗೋಡೆಯವರೆಗೂ ಕೇಳುವಂತೆ. "ಪೇಟೆಯಿಂದ ಯಾರನ್ನಾದ್ರೂ ಕರೆಸು."

ಅಪಾ ಇಕ್ಕಳ, ಬ್ಯಾಟರಿ ಎಲ್ಲ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರು.

"ಸಾಕು ಕಣೆ. ನಲವತ್ತು ವರ್ಷ ಆಯ್ತಲ್ಲ."

ನಾನು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ, "ಅಪಾ ಇನ್ನೊಂದ್ಸಲ ನೋಡಲಿ, ತನ್ನಿ ಮಾವಾ" ಎಂದು ಓಮುರ್ಕುಲನನ್ನು ಕರೆತಂದೆ. ಅವನು ಮೋಟಾರನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ. ಹಿಂದೆ ಹೆಂಡತಿ ಗೂಲ್‌ಸಾನ್, ಅಣ್ಣ ಆಶಿರಾಲಿ.

ಅಪಾ ತಂತಿ ಡಬ್ಬಿಯ ಮುಚ್ಚಳ ತೆಗೆದು ಬೆರಳಾಡಿಸಿದರು. ಗಂಟುಗಳೆಲ್ಲ ಇದ್ದಲ್ಲೇ ಇದ್ದವು. ಬೆರಳು ಮೂಸಿ ನನ್ನತ್ತ ಚಾಚಿದರು. ಹುಳಿ ಮೊಸರಿನ ವಾಸನೆ!

ಹೊಸ ವಸ್ತು ಮನೆಗೆ ಬಂದರೆ ಹಾಲು, ಮೊಸರಿನಂಥ ಬಿಳಿಯದನ್ನು ಚಿಮುಕಿಸುವುದು ನಮ್ಮಲ್ಲಿ ರೂಢಿ. ಬಾಯಿ ತೆರೆಯಹೋದೆ. ಅಪಾ ಮೊಣಕೈಯಿಂದ ತಿವಿದರು.

"ತಂತಿ ಸರಿ ಇದೆ. ಡಬ್ಬಿ ಒಳಗೆ ತೇವ ಸೇರಿದೆ, ಅಷ್ಟೇ. ವೋಡ್ಕಾ ಇದ್ರೆ ತನ್ನಿ, ಒರೆಸ್ತೀನಿ."

"ಅಯ್ಯೋ, ಒರೆಸೋದಕ್ಕಾ?" ಎಂದ ಓಮುರ್ಕುಲ್. "ಮಿಕ್ಕಿದ್ದು ನನಗಿರಲಿ ಅಕ್ಕಾ."

"ಆಕಾಶದಿಂದ ಬಂತೇನು ತೇವ?" ಎಂದ ಆಶಿರಾಲಿ.

ಗೂಲ್‌ಸಾನಳ ಮುಖ ಬೀಟ್ರೂಟಿನಂತಾಗಿತ್ತು. "ನಾನೇ ಭಾವಾ. ಒಳ್ಳೇದಾಗ್ಲಿ ಅಂತ ಒಂದು ಬಟ್ಟಲು ಮೊಸರು..."

"ಒಂದು ಬಟ್ಟಲಾ!" ಎಂದರು ಅಪಾ. "ನಾಲ್ಕು ಹನಿ ಸಾಕಿತ್ತಲ್ಲೇ ಹುಡುಗಿ. ಉಪ್ಪೂ ಹಾಕಿದ್ಯೇನು?"

"ಸ್ವಲ್ಪ."

ಓಮುರ್ಕುಲ್ ನಕ್ಕು ನಕ್ಕು ಕೈಗಾಡಿಯ ಮೇಲೆಯೇ ಕುಳಿತ. ಆಶಿರಾಲಿಗೂ ನಗು ತಡೆಯಲಾಗಲಿಲ್ಲ.

ಒರೆಸಿ, ಮಧ್ಯಾಹ್ನದವರೆಗೆ ರೊಟ್ಟಿ ಒಲೆಯ ಪಕ್ಕದಲ್ಲಿ ಒಣಗಿಸಿದೆವು. ಒಂದು ತಂತಿಯನ್ನೂ ಕದಲಿಸದೆ ಅಪಾ ಮುಚ್ಚಳ ಹಾಕಿದರು. ಆಮೇಲೆ ಓಮುರ್ಕುಲನ ಅಂಗಳದಲ್ಲಿ ಯಂತ್ರಕ್ಕೆ ಜೋಡಿಸಿ, ಸ್ವಿಚ್ ಹಾಕಲು ಆಶಿರಾಲಿಗೇ ಹೇಳಿದರು. ಅವನು ತುಸು ದೂರ ನಿಂತು, ಕೈ ಉದ್ದ ಮಾಡಿ ಹಾಕಿದ. ಬಾರ್ಲಿ ನುಚ್ಚು ದಬದಬನೆ ಚೀಲಕ್ಕೆ ಬಿತ್ತು. ಅವನು ಒಂದು ಹಿಡಿ ತೆಗೆದು ನೋಡಿ, "ಚೆನ್ನಾಗಿ ಬಂದಿದೆ ಅಕ್ಕಾ" ಎಂದ, ನೆಲ ನೋಡುತ್ತ. ಅಪಾ ಅದನ್ನು ದೊಡ್ಡದು ಮಾಡಲಿಲ್ಲ.

ಮನೆಗೆ ಮರಳುವಾಗ ಹೊಳೆಯಾಚೆಯಿಂದ ಒಬ್ಬಾಕೆ ಕೂಗಿದಳು. ಅವಳ ಪಂಪು ಗುರ್ ಎನ್ನುತ್ತದಂತೆ, ತಿರುಗುವುದಿಲ್ಲವಂತೆ. ನಾನು ಅಪಾ ಕಡೆ ತಿರುಗಿದೆ.

"ಇವತ್ತಾಗಲ್ಲ ಕಣೇ!" ಅಪಾ ಅಷ್ಟೇ ಜೋರಾಗಿ ಕೂಗಿದರು. "ಮೊಮ್ಮಗಳಿಗೆ ನೀರು ಎರೀಬೇಕು. ನಾಳೆ ತಗೊಂಡು ಬಾ!"